ಕ್ರೂಸ್ ಕಂಟ್ರೋಲ್ ಇಡುವ ಉದ್ರಿ ಖಾತೆ

ದಾವಣಗೆರೆಯ ನಮ್ಮ ವರ್ಕ್‌ಶಾಪಿಗೆ ಕಳೆದ ತಿಂಗಳು ಬಂದ ಅಕ್ಕಿ ವ್ಯಾಪಾರಿಯೊಬ್ಬರ ದೂರು ಇಷ್ಟೇ ಇತ್ತು: "ಮೀಟರಿನಾಗ ಕ್ರೂಸ್ ದೀಪ ಹತ್ತತೈತ್ರಿ, ಆದ್ರ ಸ್ಪೀಡ್ ಸೆಟ್ ಆಗಂಗಿಲ್ಲ." ಇಂಥ ದೂರು ಬಂದಾಗ ನಾನು ಮೊದಲು ನೋಡುವುದು ಎಂಜಿನ್ನನ್ನಲ್ಲ, ಬ್ರೇಕ್ ಪೆಡಲ್ಲಿನ ಬುಡದಲ್ಲಿರುವ ಹೆಬ್ಬೆರಳ ಗಾತ್ರದ ಸ್ವಿಚ್ಚನ್ನು. ಅದು ಯಾಕೆಂದು ತಿಳಿಯಬೇಕಾದರೆ ಆಕ್ಸಿಲರೇಟರ್ ಒತ್ತದೆಯೇ ಕಾರನ್ನು ಒಂದೇ ವೇಗದಲ್ಲಿ ಓಡಿಸುವ ಈ ಕ್ರೂಸ್ ಕಂಟ್ರೋಲ್ ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ನೋಡಬೇಕು.

ಸೆಟ್ ಗುಂಡಿ ಒತ್ತಿದ ಕ್ಷಣದ ವೇಗವನ್ನು, ಗಂಟೆಗೆ 90 ಕಿ.ಮೀ. ಎನ್ನೋಣ, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಸೆನ್ಸರ್ ತಿಳಿಸುವ ವೇಗವನ್ನು ಸೆಕೆಂಡಿಗೆ ಹಲವು ಬಾರಿ ಅದರೊಡನೆ ತಾಳೆ ನೋಡುತ್ತ, ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ಲನ್ನು ತೆರೆದು ಮುಚ್ಚುತ್ತದೆ, ಡೀಸೆಲ್ ಕಾರಿನಲ್ಲಿ ಇಂಜೆಕ್ಟರುಗಳು ಚಿಮ್ಮುವ ಇಂಧನವನ್ನು ಹೆಚ್ಚುಕಡಿಮೆ ಮಾಡುತ್ತದೆ.

ಇದು ಕೇಳುವುದಕ್ಕೆ ಸುಲಭ. ಆದರೆ ಚಿತ್ರದುರ್ಗದ ಕಡೆ, ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣುವ ಹಾದಿಯಲ್ಲಿ, ಏರೂ ಎದುರುಗಾಳಿಯೂ ಕೂಡಿದಾಗ ತೊಡಕು ಶುರುವಾಗುತ್ತದೆ. ಕೊರತೆಗೆ ತಕ್ಕಷ್ಟೇ ಥ್ರಾಟಲ್ ತೆರೆದರೆ ಕಾರು 88ರಲ್ಲೇ ಉಳಿದುಬಿಡಬಹುದು, ಏಕೆಂದರೆ 90ಕ್ಕೆ ಬಂದ ಕೂಡಲೇ ಕೊರತೆ ಇಲ್ಲವಾಗಿ, ಅದರಿಂದ ಸಿಗುತ್ತಿದ್ದ ಹೆಚ್ಚುವರಿ ಬಲವೂ ಇಲ್ಲವಾಗುತ್ತದೆ. ಆದ್ದರಿಂದ ಇಸಿಯು ಮಂಡಿಪೇಟೆಯ ಗುಮಾಸ್ತರಂತೆ ಉದ್ರಿ ಖಾತೆಯೊಂದನ್ನು ಇಡುತ್ತದೆ. ಕ್ಷಣಕ್ಷಣದ ಕೊರತೆಯನ್ನು ಕೂಡಿಸುತ್ತ ಹೋಗಿ, ಬಾಕಿ ಬೆಳೆದಂತೆ ಥ್ರಾಟಲ್ಲನ್ನು ಇನ್ನಷ್ಟು ತೆರೆದು ಕಾರನ್ನು 90ಕ್ಕೆ ತಂದು ನಿಲ್ಲಿಸುತ್ತದೆ. ಏರು ಮುಗಿದಾಗ ಆ ಬಾಕಿ ಒಮ್ಮೆಲೇ ಚುಕ್ತಾ ಆಗದ ಕಾರಣ ವೇಗ ತುಸು ಮೇಲೆ ಹೋಗಿ ಮತ್ತೆ ಇಳಿಯುತ್ತದೆ. ಇದನ್ನು ಕೆಟ್ಟಿದೆಯೆಂದು ರಿಪೇರಿಗೆ ತರುವವರಿದ್ದಾರೆ. ನಾನು ಹಣ ತೆಗೆದುಕೊಳ್ಳದೆ ಕಳಿಸುತ್ತೇನೆ.

ಇಳಿಜಾರಿನಲ್ಲಿ ಮಾತ್ರ ಎಚ್ಚರ ಬೇಕು. ಸಾಧಾರಣ ಕ್ರೂಸ್ ಇಂಧನವನ್ನು ತಡೆಯಬಲ್ಲದೇ ಹೊರತು ಅನೇಕ ಕಾರುಗಳಲ್ಲಿ ಬ್ರೇಕ್ ಹಾಕಲಾರದು. ರಸ್ತೆ ಒದ್ದೆಯಿದ್ದಾಗಲಂತೂ ಅದನ್ನು ಬಳಸಲೇಬಾರದು, ಚಕ್ರದ ಹಿಡಿತ ತಪ್ಪುತ್ತಿರುವಾಗಲೂ ಅದು ವೇಗದ ಲೆಕ್ಕವನ್ನೇ ನೋಡುತ್ತಿರುತ್ತದೆ. ಮುಂದಿನ ವಾಹನವನ್ನು ರಾಡಾರ್ ಅಥವಾ ಕ್ಯಾಮೆರಾದಿಂದ ಗುರುತಿಸಿ ಅಂತರ ಕಾಯುವ ಹೊಸ ಬಗೆಯದು ಬೇರೆ ಮಾತು.

ಈ ಸಾಧನಕ್ಕೆ 1950ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ರಾಲ್ಫ್ ಟೀಟರ್ ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡಿದ್ದ ಎಂಜಿನಿಯರ್. 1958ರ ಹೊತ್ತಿಗೆ ಅದು ಕ್ರೈಸ್ಲರ್ ಕಾರುಗಳಿಗೆ ಬಂತು. ಚಾಲಕರ ಕಾಲು ಆಕ್ಸಿಲರೇಟರನ್ನು ಒತ್ತಿ ಬಿಡುವಾಗಿನ ಜಗ್ಗಾಟ, ಪಕ್ಕದಲ್ಲಿ ಕೂತ ಅಂಥವರ ಮೈಗೆ ಹೆಚ್ಚು ತಟ್ಟಿದ್ದರೆ ಆಶ್ಚರ್ಯವಿಲ್ಲ.

ಇನ್ನು ಆ ಸ್ವಿಚ್ಚಿನ ವಿಷಯ. ವೇಗ ಹಿಡಿಯುವ ಯಂತ್ರಕ್ಕೆ ಬ್ರೇಕ್ ಒತ್ತಿದ ಕೂಡಲೇ ಬಿಡುವುದು ಗೊತ್ತಿರದಿದ್ದರೆ ಅಪಾಯ. ಹಾಗಾಗಿ ಬಹುತೇಕ ಕಾರುಗಳ ಬ್ರೇಕ್ ಸ್ವಿಚ್ಚಿನಲ್ಲಿ ಎರಡು ಸರ್ಕ್ಯೂಟ್ ಇರುತ್ತವೆ, ಎರಡರ ಸುದ್ದಿ ಒಂದಕ್ಕೊಂದು ತಾಳೆಯಾಗದಿದ್ದರೆ ಇಸಿಯು ಕ್ರೂಸನ್ನು ಕೊಡುವುದೇ ಇಲ್ಲ. ವ್ಯಾಪಾರಿಯವರ ಕಾರಿನಲ್ಲಿ ಬ್ರೇಕ್ ಲೈಟ್ ಸರಿಯಾಗಿಯೇ ಹತ್ತುತ್ತಿತ್ತು, ಸವೆದಿದ್ದದ್ದು ಎರಡನೆಯ ಕಾಂಟ್ಯಾಕ್ಟ್. ಸ್ವಿಚ್ ಬದಲಿಸಿ, ದೋಷದ ಕೋಡ್ ಅಳಿಸಿ, ಹೆಬ್ಬಾಳು ಟೋಲ್ ದಿಕ್ಕಿಗೆ ಓಡಿಸಿ ನೋಡಿದೆವು. 80ಕ್ಕೆ ಸೆಟ್ ಆಯಿತು. ಬ್ರೇಕ್ ಪೆಡಲ್ಲಿಗೆ ಕಾಲು ಸೋಕಿದ ಕೂಡಲೇ ಬಿಟ್ಟುಕೊಟ್ಟಿತು.