ಪದ ಪರಿಚಯ: ಡ್ರಮ್‌ಲೈನ್

ಆಸ್ಟ್ರೇಲಿಯಾದಲ್ಲಿ ಈಜುಗಾರರ ಮೇಲೆ ಶಾರ್ಕ್ ದಾಳಿಯ ಸುದ್ದಿ ಬಂದರೆ, ಅದರ ಬೆನ್ನಿಗೇ ಬರುವ ಪದ ಡ್ರಮ್‌ಲೈನ್. ಕೇಳಿದ ಕೂಡಲೇ ಸಮುದ್ರದಲ್ಲಿ ಡ್ರಮ್‌ಗಳನ್ನು ಸಾಲಾಗಿ ಬಿಟ್ಟು ಬೇಲಿ ಹಾಕಿದ್ದಾರೆ ಅನಿಸುತ್ತದೆ. ಆದರೆ ಇಲ್ಲಿ ಲೈನ್ ಅಂದರೆ ಗಾಳದ ಹಗ್ಗ. ಸಮುದ್ರದ ತಳದಲ್ಲಿ ಲಂಗರು, ಮೇಲೆ ತೇಲುವ ಡ್ರಮ್ಮು, ಅದರಿಂದ ಇಳಿಬಿಟ್ಟ ಸರಪಳಿ, ತುದಿಯಲ್ಲಿ ದೊಡ್ಡ ಕೊಕ್ಕೆ, ಕೊಕ್ಕೆಗೆ ಸಿಕ್ಕಿಸಿದ ಮೀನು. ಅಷ್ಟೇ.

ಕ್ವೀನ್ಸ್‌ಲ್ಯಾಂಡ್ ರಾಜ್ಯ 1962ರಿಂದ ಇದನ್ನು ಬಳಸುತ್ತಿದೆ. ಲೆಕ್ಕಾಚಾರ ಸರಳ: ಕಡಲತೀರದ ಹತ್ತಿರ ಶಾರ್ಕ್ ಕಡಿಮೆಯಾದರೆ ದಾಳಿಯೂ ಕಡಿಮೆಯಾಗುತ್ತದೆ. ಇದಕ್ಕೆ ಸರ್ಕಾರಿ ಕಾಗದದಲ್ಲಿ ‘ಶಾರ್ಕ್ ನಿಯಂತ್ರಣ’ ಎಂದು ಹೆಸರು. ನಿಯಂತ್ರಣ ಅಂದರೆ ಇಲ್ಲಿ ಕೊಲ್ಲುವುದು ಅಂತಲೇ ಅರ್ಥ. ಅದನ್ನು ನೇರವಾಗಿ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಕೆಲವು ಜಾತಿಯ ಶಾರ್ಕ್‌ಗಳಿಗೆ ಈಜುತ್ತಾ ಇದ್ದರೆ ಮಾತ್ರ ಉಸಿರು. ಕೊಕ್ಕೆಗೆ ಸಿಕ್ಕಿ ನಿಂತರೆ ಅಲ್ಲೇ ಸಾಯುತ್ತವೆ. ಆಮೆ, ಡಾಲ್ಫಿನ್‌ಗಳೂ ಸಿಕ್ಕಿಬೀಳುವುದುಂಟು.

ಈ ಪದ ಬೀದಿಗೆ ಬಂದದ್ದು 2014ರಲ್ಲಿ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ. ಅದಕ್ಕೆ ಹಿಂದಿನ ಮೂರ್ನಾಲ್ಕು ವರ್ಷಗಳಲ್ಲಿ ಅಲ್ಲಿ ಏಳು ಜನ ಶಾರ್ಕ್ ಕಚ್ಚಿ ಸತ್ತಿದ್ದರು. ಆ ಮನೆಗಳ ದುಃಖ, ಊರವರ ಭಯ ಯಾವುದೂ ಸುಳ್ಳಲ್ಲ. ರಾಜ್ಯದ ಪ್ರೀಮಿಯರ್ (ನಮ್ಮಲ್ಲಿನ ಮುಖ್ಯಮಂತ್ರಿ ಇದ್ದಂತೆ) ಕಾಲಿನ್ ಬಾರ್ನೆಟ್ ಸರ್ಕಾರ ಡ್ರಮ್‌ಲೈನ್ ಹಾಕಿಸಿತು. ಮೂರು ಮೀಟರ್‌ಗಿಂತ ಉದ್ದದ ಶಾರ್ಕ್ ಸಿಕ್ಕರೆ ಗುಂಡಿಕ್ಕಿ ಕೊಲ್ಲಬೇಕು ಅಂತ ಆದೇಶ. ಪರ್ತ್‌ನ ಕಾಟೆಸ್ಲೋ ಕಡಲತೀರದಲ್ಲಿ ಸಾವಿರಾರು ಜನ ಸೇರಿ ಪ್ರತಿಭಟಿಸಿದರು. ಅವರಲ್ಲಿ ದಿನಾ ಅದೇ ನೀರಿಗಿಳಿಯುವವರೂ ಇದ್ದರು. ಕೊನೆಗೆ ಸಿಕ್ಕಿದ್ದು 172 ಶಾರ್ಕ್. ಬಹುತೇಕ ಎಲ್ಲವೂ ಹುಲಿ ಶಾರ್ಕ್. ಜನ ಹೆದರಿದ್ದು ದೊಡ್ಡ ಬಿಳಿ ಶಾರ್ಕ್‌ಗೆ. ಅದು ಒಂದೂ ಸಿಗಲಿಲ್ಲ! ಅದೇ ವರ್ಷ ರಾಜ್ಯದ ಪರಿಸರ ಪ್ರಾಧಿಕಾರ ಇದನ್ನು ಮುಂದುವರಿಸುವುದು ಬೇಡ ಎಂದಿತು.

ಡ್ರಮ್‌ಲೈನ್ ಜೊತೆ ಗೊಂದಲವಾಗುವ ಇನ್ನೊಂದು ಪದ ಶಾರ್ಕ್ ಬಲೆ. ನ್ಯೂ ಸೌತ್ ವೇಲ್ಸ್‌ನಲ್ಲಿ 1937ರಿಂದ ಇದೆ. ಅದೂ ತೀರವನ್ನು ಪೂರ್ತಿ ಮುಚ್ಚುವುದಿಲ್ಲ. ಸುಮಾರು 150 ಮೀಟರ್ ಉದ್ದದ ಬಲೆ, ಪಕ್ಕದಲ್ಲೇ ದಾರಿ ಇರುತ್ತದೆ.

ಈಗ ಅದೇ ರಾಜ್ಯದಲ್ಲಿ ‘ಸ್ಮಾರ್ಟ್ ಡ್ರಮ್‌ಲೈನ್’ ಬಂದಿದೆ. ಗಾಳ ಅದೇ, ಉದ್ದೇಶ ಬೇರೆ. ಶಾರ್ಕ್ ಕೊಕ್ಕೆ ಎಳೆದ ಕೂಡಲೇ ಒಂದು ಮ್ಯಾಗ್ನೆಟ್ ಕಳಚಿಕೊಳ್ಳುತ್ತದೆ. ಉಪಗ್ರಹದ ಮೂಲಕ ದೋಣಿಯವರಿಗೆ ಸಂದೇಶ ಹೋಗುತ್ತದೆ. ಅವರು ಅರ್ಧ ಗಂಟೆಯೊಳಗೆ ಅಲ್ಲಿರಬೇಕು. ಶಾರ್ಕನ್ನು ದೋಣಿಯ ಪಕ್ಕಕ್ಕೆ ಎಳೆದು, ಟ್ಯಾಗ್ ಹಾಕಿ, ತೀರದಿಂದ ದೂರ ಕೊಂಡೊಯ್ದು ಬಿಡುತ್ತಾರೆ. ಆ ಶಾರ್ಕ್ ಮತ್ತೆ ತೀರದ ಹತ್ತಿರ ಬಂದರೆ, ಅಲ್ಲಿ ತೇಲುತ್ತಿರುವ ಯಂತ್ರ ಟ್ಯಾಗ್ ಗುರುತಿಸಿ ಜನರ ಮೊಬೈಲ್‌ಗೆ ಎಚ್ಚರಿಕೆ ಕಳಿಸುತ್ತದೆ. ಆದರೆ ಇದನ್ನು ಬೆಳಗ್ಗೆ ಇಳಿಸಿ ಸಂಜೆ ಎತ್ತುತ್ತಾರೆ. ಅಲೆ ಜಾಸ್ತಿ ಇದ್ದ ದಿನ ಇಳಿಸುವುದೇ ಇಲ್ಲ. ಅಂಥ ದಿನ ನೀರಿಗಿಳಿಯಬೇಕೋ ಬೇಡವೋ ಅನ್ನುವುದನ್ನು ಈಜುವವರೇ ತೀರ್ಮಾನಿಸಬೇಕು.