ಸೃಷ್ಟಿ ನೋಡಿ ದೇವರನ್ನು ಎಷ್ಟು ತಿಳಿಯಬಹುದು?

ಮಳೆ ಜಾಸ್ತಿಯಾಗಿ ಊರು ಮುಳುಗಿದ ವರ್ಷ ಬೈಬಲ್ ತರಗತಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: "ಪಾಸ್ಟರ್, ಸೃಷ್ಟಿಯಲ್ಲಿ ದೇವರು ಕಾಣ್ತಾನೆ ಅಂತೀರಿ. ಹಾಗಾದ್ರೆ ಈ ನೆರೆ ಆತನ ಕೋಪಾನಾ?"

ಸೃಷ್ಟಿಯಲ್ಲಿ ದೇವರು ಕಾಣುತ್ತಾನೆ ಎಂಬುದು ನಿಜ. ಇಂದಿನ ಟರ್ಕಿಯಲ್ಲಿದ್ದ ಲುಸ್ತ್ರ ಎಂಬ ಊರಿನಲ್ಲಿ ಯೇಸುವಿನ ಸುವಾರ್ತೆ ಸಾರುತ್ತಿದ್ದ ಅಪೊಸ್ತಲರಾದ ಬಾರ್ನಬ ಮತ್ತು ಪೌಲರನ್ನು ಜನ ದೇವರುಗಳೆಂದೇ ತಿಳಿದು ಬಲಿ ಕೊಡಲು ಬಂದರು. ಅವರನ್ನು ತಡೆಯುವಾಗ ಅಪೊಸ್ತಲರು ಧರ್ಮಗ್ರಂಥದ ಮಾತು ಎತ್ತಲಿಲ್ಲ. ಮಳೆ, ಬೆಳೆ, ಹೊಟ್ಟೆ ತುಂಬಾ ಊಟ, ಇವನ್ನೇ ದೇವರಿಗೆ ಸಾಕ್ಷಿಯಾಗಿ ತೋರಿಸಿದರು. ಕೊಯ್ಲಾದ ಮೇಲೆ ನಮ್ಮ ಸಭೆಗಳಲ್ಲಿ ಬೆಳೆ ತಂದು ಅರ್ಪಿಸುವುದೂ ಇದೇ ನಂಬಿಕೆಯಿಂದ. ರೋಮಾಪುರದವರಿಗೆ ಬರೆದ ಪತ್ರದಲ್ಲಿ (1:20) ಪೌಲ ಹೇಳುವುದು ದೇವರ ನಿತ್ಯಶಕ್ತಿ ಮತ್ತು ದೇವತ್ವದ ಬಗ್ಗೆ. ಇಂಥವನಿಗೆ ಇಂಥ ಪಾಪಕ್ಕೆ ಈ ಕಷ್ಟ ಬಂತು ಎಂದು ಸೃಷ್ಟಿಯಲ್ಲಿ ಓದಬಹುದು ಅಂತ ಅಲ್ಲಿಲ್ಲ.

ಹಾಗೆ ಓದಿದವರು ಬೈಬಲ್‌ನ ಯೋಬನ ಪುಸ್ತಕದಲ್ಲಿ ಬರುವ, ನೀತಿವಂತನಾಗಿದ್ದೂ ಕಷ್ಟಪಟ್ಟ ಯೋಬನ ಸ್ನೇಹಿತರು. ಬಿರುಗಾಳಿಗೆ ಮನೆ ಕುಸಿದು ಯೋಬನ ಮಕ್ಕಳೆಲ್ಲ ಸತ್ತರು. ಪಾಪ ಮಾಡದೆ ಹೀಗಾಗುತ್ತದಾ ಎಂದು ಆ ಸ್ನೇಹಿತರು ವಾದಿಸಿದರು. ದೇವರು ಕೊನೆಗೆ ಬಿರುಗಾಳಿಯೊಳಗಿಂದಲೇ ಮಾತಾಡಿದಾಗ ಪಾಪದ ಲೆಕ್ಕ ತೆಗೆಯಲಿಲ್ಲ. ಸಿಂಹದ ಬೇಟೆ, ಕಾಡುಕತ್ತೆಯ ಅಲೆದಾಟ, ಬೆಟ್ಟದ ಮೇಕೆ ಮರಿ ಹಾಕುವ ಕಾಲ, ಹಸಿದು ಕೂಗುವ ಕಾಗೆಮರಿ, ಇವನ್ನೆಲ್ಲ ತೋರಿಸಿದನು. ನನಗೆ ಬಹಳ ಇಷ್ಟವಾದ ಮಾತು ಯೋಬನ ಪುಸ್ತಕದ 38:26ರಲ್ಲಿದೆ: ಮನುಷ್ಯರೇ ಇಲ್ಲದ ನೆಲಕ್ಕೂ ದೇವರು ಮಳೆ ಕಳಿಸುತ್ತಾನೆ. ಆ ಮಳೆಯಿಂದ ಯಾರ ಹೊಲಕ್ಕೂ ಲಾಭವಿಲ್ಲ, ಅದು ಯಾರಿಗೂ ಶಿಕ್ಷೆಯಲ್ಲ. ನಮ್ಮನ್ನು ಮಧ್ಯದಲ್ಲಿಟ್ಟುಕೊಂಡೇ ಪ್ರತಿ ಮೋಡವನ್ನೂ ಅರ್ಥ ಮಾಡುವ ಚಟ ಇಲ್ಲಿ ನಿಲ್ಲಬೇಕು, ಅಲ್ವಾ? ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದೂ ಆ ಸ್ನೇಹಿತರ ಮೇಲೆಯೇ. ತನ್ನ ವಿಷಯದಲ್ಲಿ ಅವರು ಸರಿಯಾಗಿ ಮಾತಾಡಲಿಲ್ಲ ಎನ್ನುತ್ತಾನೆ.

ಈ ತಪ್ಪು ಬರೀ ಮಳೆ, ಗಾಳಿಯ ವಿಷಯದಲ್ಲಿ ಆಗುವುದಲ್ಲ. ಹಿಟ್ಲರನ ಜರ್ಮನಿಯಲ್ಲಿ ಎಷ್ಟೋ ಕ್ರೈಸ್ತರು ರಕ್ತ, ಜನಾಂಗ, ನೆಲದಲ್ಲೇ ದೇವರ ಚಿತ್ತ ಕಂಡರು. 1934ರಲ್ಲಿ ದೈವಶಾಸ್ತ್ರಜ್ಞ ಕಾರ್ಲ್ ಬಾರ್ತ್, ಸೃಷ್ಟಿಯಲ್ಲೂ ದೇವರ ಪ್ರಕಟಣೆ ಇದೆ ಎಂದ ಇನ್ನೊಬ್ಬ ದೈವಶಾಸ್ತ್ರಜ್ಞ ಎಮಿಲ್ ಬ್ರುನರ್‌ಗೆ ಉತ್ತರವಾಗಿ, ಆ ಮಾತನ್ನೇ ನಿರಾಕರಿಸಿ ಬರೆದ ಪುಸ್ತಿಕೆಯ ಹೆಸರೇ 'ಇಲ್ಲ!'. ನಾನು ಅಷ್ಟು ದೂರ ಹೋಗಲಾರೆ, ಲುಸ್ತ್ರದಲ್ಲಿ ಸಾಕ್ಷಿಯಾಗಿ ತೋರಿಸಿದ ಮಳೆಯೂ ಬೈಬಲ್ ವಾಕ್ಯದಲ್ಲೇ ಇದೆ. ಆದರೆ ಬಾರ್ತ್ ಹೆದರಿದ್ದು ಸುಮ್ನೆ ಅಲ್ಲ.

ದೇವರು ನನ್ನನ್ನು ಕ್ಷಮಿಸಿದ್ದಾನಾ ಎಂದು ಕೇಳುವವರನ್ನು ನಾನು ಹೊಳೆಯ ಹತ್ತಿರ ಕಳಿಸುವುದಿಲ್ಲ, ಕ್ರಿಸ್ತನ ಶಿಲುಬೆಯ ಹತ್ತಿರ ಕರೆದೊಯ್ಯುತ್ತೇನೆ. ನೆರೆಯ ಬಗ್ಗೆ ಕೇಳುವವರಿಗೆ ಯೋಬನ ಪುಸ್ತಕದ 38ರಿಂದ 42ನೇ ಅಧ್ಯಾಯ ಕೊಡುತ್ತೇನೆ. ಒಂದೇ ಸಲ ಕೂತು, ಜೋರಾಗಿ ಓದಿ.