ಹೇರ್ ರಿಗ್ ಕಟ್ಟುವಾಗ ಕಾಳು ಮೊದಲು, ಗಾಳ ಆಮೇಲೆ

ಪ್ರಶ್ನೆ: ಅಣ್ಣ, ನಾನು ಆಲೂರು ಕಡೆಯವನು. ಹೇಮಾವತಿ ಹಿನ್ನೀರಿನಲ್ಲಿ ಗೆಂಡೆ ಮೀನಿಗೆ ಗಾಳ ಹಾಕುತ್ತೇನೆ. ವಿಡಿಯೊ ನೋಡಿ ಹೇರ್ ರಿಗ್, ಅಂದರೆ ಕಾಳನ್ನು ಗಾಳಕ್ಕೆ ಚುಚ್ಚದೆ ಪಕ್ಕದಲ್ಲಿ ದಾರದಲ್ಲಿ ನೇತು ಹಾಕುವ ಕಟ್ಟು, ಕಟ್ಟೋದು ಕಲಿತೆ. ಆದರೆ ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರೋದಿಲ್ಲ. ಒಂದರಲ್ಲಿ ಕಾಳು ಗಾಳಕ್ಕೆ ಅಂಟಿಕೊಂಡಿರುತ್ತೆ, ಇನ್ನೊಂದರಲ್ಲಿ ಎರಡು ಇಂಚು ಕೆಳಗೆ ಜೋತಾಡುತ್ತೆ. ಮೀನು ಎಳೆಯುತ್ತೆ, ಬಿಟ್ಟು ಹೋಗುತ್ತೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೀವು ಗಾಳವನ್ನು ಮೊದಲು ಕಟ್ಟಿ, ಕಾಳನ್ನು ಕೊನೆಗೆ ಹಾಕುತ್ತಿದ್ದೀರಿ ಅನ್ನಿಸುತ್ತೆ. ನಾನೂ ಎರಡು ವರ್ಷ ಹಾಗೇ ಮಾಡಿದೆ. ಕೂದಲಿನ, ಅಂದರೆ ಕಾಳು ತೂಗುವ ದಾರದ ತುಂಡಿನ, ಉದ್ದ ಎಷ್ಟಿರಬೇಕು ಅಂತ ಹೇಳೋದು ಕಾಳು. ಅದನ್ನು ಮೊದಲೇ ದಾರಕ್ಕೆ ಪೋಣಿಸಿಬಿಟ್ಟರೆ ಅಂದಾಜಿನ ಕೆಲಸವೇ ಇರೋದಿಲ್ಲ. ಹತ್ತು ಕಟ್ಟಿದರೆ ಹತ್ತೂ ಒಂದೇ ಥರ ಬರುತ್ತವೆ.

ಕಾಳನ್ನು ಗಾಳಕ್ಕೆ ಚುಚ್ಚದೆ ಪಕ್ಕದಲ್ಲಿ ನೇತು ಹಾಕೋದು ಯಾಕೆ ಅನ್ನೋದು ಮೊದಲು ತಿಳಿದಿರಲಿ. ಬೇಲೂರಿನ ಯಗಚಿ ಹಿನ್ನೀರಿನ ದಡದಲ್ಲಿ ಒಮ್ಮೆ ಒಬ್ಬರು ಹಿರಿಯರು ನನ್ನ ಗಾಳ ನೋಡಿ, "ಇದೇನ್ ಮಗಾ, ಬರೀ ಗಾಳ ಬಿಟ್ಟಿದ್ದೀಯ? ಮೀನೇನ್ ಕುರುಡಾ?" ಅಂದರು. ಅವರ ಅನುಮಾನ ಸರಿಯಾದದ್ದೇ. ಆದರೆ ಗೆಂಡೆ ತಿನ್ನುವ ರೀತಿಯೇ ಬೇರೆ. ಅದರ ದವಡೆಯಲ್ಲಿ ಹಲ್ಲಿಲ್ಲ. ಹಲ್ಲು ಇರೋದು ಗಂಟಲಲ್ಲಿ. ಹಾಗಾಗಿ ಅದು ಕಚ್ಚೋದಿಲ್ಲ, ಬಾಯಿ ಮುಂದೆ ಚಾಚಿ ನೆಲದಿಂದ ಹೀರಿಕೊಳ್ಳುತ್ತೆ. ಒಳಗೆ ಹೋದದ್ದು ಸರಿ ಅನ್ನಿಸದಿದ್ದರೆ ತಕ್ಷಣ ಉಗಿಯುತ್ತೆ. ಗಾಳಕ್ಕೆ ಚುಚ್ಚಿದ ಕಾಳು ಬಿಗಿಯಾಗಿ, ಭಾರವಾಗಿ ಇರುತ್ತೆ. ಅದನ್ನು ಸುಲಭವಾಗಿ ಉಗಿದುಬಿಡುತ್ತೆ. ಕೂದಲಿನಂಥ ದಾರದಲ್ಲಿ ತೂಗುವ ಕಾಳು ಉಳಿದ ಕಾಳುಗಳ ಹಾಗೇ ಸಲೀಸಾಗಿ ಒಳಗೆ ಹೋಗುತ್ತೆ. ಗಾಳ ಅದರ ಹಿಂದೆಯೇ ಹೋಗುತ್ತೆ. ಉಗಿಯುವಾಗ ಕಾಳು ಹೊರಗೆ ಬರುತ್ತೆ, ಗಾಳದ ಮೊನೆ ಕೆಳತುಟಿಗೆ ಸಿಕ್ಕಿಕೊಳ್ಳುತ್ತೆ.

1970ರ ದಶಕದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಲೆನ್ನಿ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಾಕ್ಸ್ ಇದನ್ನು ಕಂಡುಹಿಡಿದರು. ಮೊದಮೊದಲು ನಿಜವಾದ ತಲೆಕೂದಲನ್ನೇ ಕಟ್ಟುತ್ತಿದ್ದರು. ಹೆಸರು ಬಂದದ್ದೇ ಅದರಿಂದ.

ಈಗ ಕಟ್ಟೋಣ. ಬ್ರೇಡ್ ದಾರ, ಅಂದರೆ ಹೆಣೆದ ಮೆತ್ತನೆ ದಾರ, ಒಂದು ಅಡಿ ತಗೊಳ್ಳಿ. ತಂಗೂಸು ದಾರದಲ್ಲೂ ಕಟ್ಟಬಹುದು, ಆದರೆ ಅದು ಗಡುಸು, ಕಾಳು ಸಲೀಸಾಗಿ ಆಡೋದಿಲ್ಲ. ಕಲಿಯುವಾಗ ಬ್ರೇಡೇ ವಾಸಿ. ಒಂದು ತುದಿಯನ್ನು ಮಡಚಿ ಸಾದಾ ಗಂಟು ಹಾಕಿ, ಅಕ್ಕಿಕಾಳು ತೂರುವಷ್ಟು ಸಣ್ಣ ಕುಣಿಕೆ ಮಾಡಿ. ಬೇಯಿಸಿದ ಮುಸುಕಿನ ಜೋಳದ ಎರಡು ಕಾಳನ್ನು ತುದಿಯಲ್ಲಿ ಕೊಕ್ಕೆ ಇರುವ ಸೂಜಿಗೆ ಪೋಣಿಸಿ. ಅಂಗಡಿಯ ಸೂಜಿಯೇ ಬೇಕು ಅಂತಿಲ್ಲ, ತೀರಾ ಸಣ್ಣ ಕ್ರೋಶಾ ಕಡ್ಡಿ ಸಾಕು. ಸೂಜಿಯ ಕೊಕ್ಕೆಗೆ ಕುಣಿಕೆ ಸಿಕ್ಕಿಸಿ ಕಾಳನ್ನು ದಾರದ ಮೇಲೆ ಸರಿಸಿ. ಕಾಳು ಕಳಚದ ಹಾಗೆ ಕುಣಿಕೆಯೊಳಗೆ ತಡೆ ಇಡಬೇಕು. ನಾನು ತೆಂಗಿನ ಪೊರಕೆ ಕಡ್ಡಿಯ ಸಣ್ಣ ಚೂರು ಇಡುತ್ತೇನೆ.

ಗಾಳ 6 ಅಥವಾ 8ನೇ ನಂಬರಿನದು ಇರಲಿ. ನಂಬರ್ ಚಿಕ್ಕದಾದಷ್ಟೂ ಗಾಳ ದೊಡ್ಡದು ಅನ್ನೋದು ನೆನಪಿರಲಿ. ದಾರದ ಇನ್ನೊಂದು ತುದಿಯನ್ನು ಗಾಳದ ಕಣ್ಣಿಗೆ ಬೆನ್ನಿನ ಕಡೆಯಿಂದ ತೂರಿಸಿ. ಮೊನೆ ಇರೋದು ಹೊಟ್ಟೆ ಕಡೆ, ಅದರ ಎದುರು ಬದಿ ಬೆನ್ನು. ಈಗ ದಾರ ಎಳೆಯುತ್ತಾ ಕಾಳನ್ನು ಹತ್ತಿರಕ್ಕೆ ತನ್ನಿ. ಗಾಳದ ಬಾಗಿಗೂ ಕಾಳಿಗೂ ನಡುವೆ ಅರ್ಧ ಸೆಂಟಿಮೀಟರ್ ಉಳಿದಾಗ ನಿಲ್ಲಿಸಿ, ಎರಡು ಬೆರಳಲ್ಲಿ ಒತ್ತಿ ಹಿಡಿಯಿರಿ. ನೀವು ಕೇಳಿದ ಪ್ರಶ್ನೆ ಇಲ್ಲಿಗೆ ಬಗೆಹರಿಯಿತು. ಕಾಳು ಕಣ್ಣೆದುರಿಗೇ ಇದೆ, ಅಂತರ ಕಾಣುತ್ತಿದೆ, ಗಂಟು ಮಾತ್ರ ಬಾಕಿ.

ಉದ್ದನೆಯ ದಾರವನ್ನು ಕಣ್ಣಿನ ಬುಡದಿಂದ ಬಾಗಿನ ಕಡೆಗೆ, ಗಾಳದ ಕಾಲು (ಕಣ್ಣಿಗೂ ಬಾಗಿಗೂ ನಡುವಿನ ನೇರ ಭಾಗ) ಮತ್ತು ಕೂದಲು ಎರಡನ್ನೂ ಸೇರಿಸಿ, ಏಳೆಂಟು ಸುತ್ತು ಸುತ್ತಿ. ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಹಾಗೆ ಒಂದರ ಪಕ್ಕ ಒಂದು ಕೂರಬೇಕು. ಒಂದರ ಮೇಲೊಂದು ಏರಿದರೆ ಬಿಚ್ಚಿ ಮತ್ತೆ ಸುತ್ತಿ. ಕೊನೆಯ ಸುತ್ತು ಮೊನೆಯ ಮುಳ್ಳಿಗೆ ನೇರ ಎದುರು ಬರಬೇಕು. ಕೂದಲು ಗಾಳ ಬಿಟ್ಟು ಹೊರಡುವ ಜಾಗ ಅದು. ಆಮೇಲೆ ತುದಿಯನ್ನು ಕಣ್ಣಿಗೆ ಮತ್ತೆ ತೂರಿಸಿ. ಈ ಸಲವೂ ಬೆನ್ನಿನ ಕಡೆಯಿಂದಲೇ. ಬಹಳ ಜನ ತಪ್ಪುವುದು ಇಲ್ಲಿ. ಹೊಟ್ಟೆ ಕಡೆಯಿಂದ ತೂರಿಸಿದರೆ ಗಂಟು ನೋಡಲು ಚೆನ್ನಾಗೇ ಇರುತ್ತೆ, ಆದರೆ ಎಳೆದಾಗ ಗಾಳ ಹಿಂದಕ್ಕೆ ವಾಲಿ ಮೊನೆ ತುಟಿಗೆ ಸಿಗೋದಿಲ್ಲ.

ಬಿಗಿಯುವ ಮುಂಚೆ ಗಂಟನ್ನು ಎಂಜಲಲ್ಲೋ ನೀರಲ್ಲೋ ಒದ್ದೆ ಮಾಡಿ, ನಿಧಾನವಾಗಿ ಎಳೆಯಿರಿ. ಒಣ ದಾರ ಉಜ್ಜಿ ಬಿಸಿಯಾದರೆ ಬಲ ಕಳೆದುಕೊಳ್ಳುತ್ತೆ. ತಂಗೂಸಿಗೆ ಇದು ಇನ್ನೂ ಜಾಸ್ತಿ. ಶೆಟ್ಟಿಹಳ್ಳಿ ಹತ್ತಿರದ ಹಿನ್ನೀರಿನಲ್ಲಿ ಒಂದು ಸಂಜೆ ಒಳ್ಳೆ ಮೀನು ಬಿತ್ತು. ರೀಲು ಕೂಗಿತು, ಎರಡು ನಿಮಿಷ ಎಳೆದೆ, ಆಮೇಲೆ ದಾರ ಹಗುರಾಯಿತು. ತುದಿ ನೋಡಿದರೆ ಗುಂಗುರು ಕೂದಲಿನ ಹಾಗೆ ಸುರುಳಿ ಸುತ್ತಿಕೊಂಡಿತ್ತು. ಕತ್ತಲಾಗುತ್ತಿದೆ ಅಂತ ಅವಸರದಲ್ಲಿ ಮುಖ್ಯ ದಾರದ ಗಂಟನ್ನು ಒಣದಾಗೇ ಬಿಗಿದಿದ್ದೆ. ಆ ಸುರುಳಿ ನೋಡಿ ಹೊಟ್ಟೆ ಉರಿದುಹೋಯಿತು. ಮೀನು ತಪ್ಪಿಸಿಕೊಂಡಾಗ ನೀವೂ ಮೊದಲು ತುದಿ ನೋಡಿ. ಸುರುಳಿ ಇದ್ದರೆ ಗಂಟು ಜಾರಿದೆ. ತುದಿ ಒರಟಾಗಿ, ಎಳೆ ಎದ್ದಿದ್ದರೆ ಕಲ್ಲಿಗೋ ಮುಳುಗಿದ ಮರದ ಬೊಡ್ಡೆಗೋ ಉಜ್ಜಿದೆ. ಗಾಳ ಹಾಗೇ ವಾಪಸ್ ಬಂದರೆ ಮೊನೆ ಮೊಂಡಾಗಿದೆ ಇಲ್ಲವೇ ಕೂದಲು ಉದ್ದ ಜಾಸ್ತಿಯಾಗಿದೆ. ನಿಮ್ಮ ಎರಡು ಇಂಚಿನ ಕಥೆ ಇದೇ.

ನೀರಿಗೆ ಹಾಕುವ ಮುಂಚೆ ಅಂಗೈ ಮೇಲೆ ಒಂದು ಪರೀಕ್ಷೆ ಮಾಡಿ. ರಿಗ್ಗನ್ನು ಅಂಗೈ ಮೇಲಿಟ್ಟು ದಾರವನ್ನು ಮೆಲ್ಲಗೆ ಎಳೆಯಿರಿ. ಗಾಳ ತಾನಾಗಿ ತಿರುಗಿ ಮೊನೆ ಚರ್ಮಕ್ಕೆ ತಾಕಬೇಕು. ಸುಮ್ನೆ ಜಾರಿ ಹೋದರೆ ಬಿಚ್ಚಿ ಮತ್ತೆ ಕಟ್ಟಿ. ಮೆಲ್ಲಗೆ ಅಂದೆ, ಜೋರಾಗಿ ಎಳೆದರೆ ಕೈಗೇ ಚುಚ್ಚೀತು.

ಕಟ್ಟಿದ ರಿಗ್ 15ರಿಂದ 20 ಸೆಂಟಿಮೀಟರ್ ಇದ್ದರೆ ಸಾಕು. ಮೇಲೆ 60ರಿಂದ 80 ಗ್ರಾಂ ಸೀಸ ಇರಲಿ. ಕಾಳು ಹೀರಿದ ಮೀನು ತಲೆ ಎತ್ತಿದಾಗ ಆ ಭಾರವೇ ಗಾಳವನ್ನು ನಾಟಿಸುತ್ತೆ. ನೀವು ಜೋರಾಗಿ ಜಗ್ಗಬೇಕಿಲ್ಲ, ರಾಡ್ ಎತ್ತಿ ಹಿಡಿದರೆ ಸಾಕು. ರೀಲಿನ ಬಿಗಿ ಸ್ವಲ್ಪ ಸಡಿಲ ಇರಲಿ, ಇಲ್ಲದಿದ್ದರೆ ರಾಡೇ ನೀರಿಗೆ ಹೋಗುತ್ತೆ. ಸೀಸವನ್ನು ಮಾತ್ರ ಸಿಕ್ಕಿಕೊಂಡರೆ ಕಳಚಿಕೊಳ್ಳುವ ಹಾಗೆ ಕಟ್ಟಿ. ದಾರ ಹರಿದರೂ ಮೀನು ಆ ಭಾರ ಎಳೆದುಕೊಂಡು ತಿರುಗಬಾರದು, ಪಾಪ.

ನಮ್ಮ ಕಡೆಯ ಹಿಂಡಿ, ಮೈದಾ ಉಂಡೆ ಕೂದಲಿನ ಮೇಲೆ ನಿಲ್ಲೋದಿಲ್ಲ, ಕರಗುತ್ತೆ. ಕಡಲೆ ಹಿಂಡಿಯನ್ನು ಸೀಸದ ಸುತ್ತ ಅಮುಕಿ, ಕೂದಲಿಗೆ ಜೋಳ ಹಾಕಿ. ಹಿಂಡಿಯ ವಾಸನೆಗೆ ಬಂದ ಮೀನಿಗೆ ಜೋಳ ಪಕ್ಕದಲ್ಲೇ ಸಿಗುತ್ತೆ. ಜೋಳವನ್ನು ಒಂದು ದಿನ ನೆನೆಸಿ, ಅರ್ಧ ಗಂಟೆ ಚೆನ್ನಾಗಿ ಕುದಿಸಿ. ಹಸಿ ಕಾಳು ಮೀನಿನ ಹೊಟ್ಟೆಯಲ್ಲಿ ಊದಿಕೊಳ್ಳುತ್ತೆ, ಹಾಗೆ ಮಾಡಬೇಡಿ.

ಇನ್ನೊಂದು ಮಾತು. ಇದು ನೆಲದ ಮೇಲೆ ಮೇಯುವ ಮೀನಿಗೆ ಹೇಳಿ ಮಾಡಿಸಿದ್ದು. ಸಾಮಾನ್ಯ ಗೆಂಡೆ, ಮೃಗಾಲ್ ಚೆನ್ನಾಗಿ ಬೀಳುತ್ತವೆ. ರೋಹು ಆಗಾಗ ಬೀಳುತ್ತೆ. ಕಾಟ್ಲಾದ ಬಾಯಿ ಮೇಲಕ್ಕೆ ತಿರುಗಿದೆ, ಅದು ಮೇಯುವುದು ನೀರಿನ ಮೇಲ್ಪದರದಲ್ಲಿ. ಕಾಟ್ಲಾ ಬೀಳಲಿಲ್ಲ ಅಂತ ಗಂಟನ್ನು ಬೈಯಬೇಡಿ.

ಕೆರೆಗಳಲ್ಲಿ ಮೀನಿನ ಹಕ್ಕನ್ನು ಗುತ್ತಿಗೆ ಹಿಡಿದವರು ಇರುತ್ತಾರೆ, ಅವರನ್ನು ಕೇಳಿಯೇ ಗಾಳ ಬಿಡಿ. ಶೃಂಗೇರಿಯ ತುಂಗೆಯಲ್ಲಿರುವ ದೇವರ ಮೀನುಗಳ ತಂಟೆ ಬೇಡವೇ ಬೇಡ. ಭದ್ರಾ ಅಭಯಾರಣ್ಯದ ಒಳಗೂ ಗಾಳ ಹಿಡಿದು ಹೋಗಬೇಡಿ.

ದಡದಲ್ಲಿ ಕತ್ತಲಲ್ಲಿ ಕೂತು ಕಟ್ಟೋದು ಬೇಡ. ಮನೆಯಲ್ಲಿ ಹಗಲು ಬೆಳಕಲ್ಲಿ ಹತ್ತು ಕಟ್ಟಿಟ್ಟುಕೊಳ್ಳಿ. ಅಳತೆಗೆ ಅಂತ ಹಾಕಿದ ಕಾಳು ತೆಗೆದುಬಿಡಿ, ದಡದಲ್ಲಿ ಅದೇ ಗಾತ್ರದ್ದು ಹಾಕಿದರಾಯಿತು. ನಾನು ಹಳೇ ಹವಾಯಿ ಚಪ್ಪಲಿಯನ್ನು ಉದ್ದಕ್ಕೆ ಕತ್ತರಿಸಿ, ಒಂದು ಕೊನೆಗೆ ಗಾಳ ಚುಚ್ಚಿ, ಇನ್ನೊಂದು ಕೊನೆಗೆ ಗುಂಡುಪಿನ್ನಿನಲ್ಲಿ ದಾರ ಬಿಗಿದು ಇಡುತ್ತೇನೆ. ದಾರ ನೆಟ್ಟಗಿರುತ್ತೆ, ಒಂದಕ್ಕೊಂದು ಗೋಜಲಾಗೋದಿಲ್ಲ.